ಆದರೆ ಭಾವ

ನನ್ನ ಭಾವ ಯಾರ ಮನೆಗೆ ಹೋದರೂ, ಸಿಂಹಾಸನವನ್ನೇ ಹಾಕಿಕೊಟ್ಟರೂ, ಕರವಸ್ತ್ರ ತೆಗೆದು ಅದನ್ನೊಮ್ಮೆ ಒರೆಸದೆ ಕೂರುವವರಲ್ಲ. ಕುರ್ಚಿಯಾಯಿತು, ಮೇಜಿನ ಅಂಚಾಯಿತು, ಎದುರಿಗಿಟ್ಟ ಲೋಟದ ಕಂಠವಾಯಿತು. ಒರೆಸಿದ ಮೇಲೂ ಅರೆಕ್ಷಣ ಸಂಶಯದಿಂದ ನೋಡಿ, ಕುರ್ಚಿಯ ತುದಿಗಷ್ಟೇ ದೇಹವನ್ನು ಒಪ್ಪಿಸುತ್ತಾರೆ. ಮದುವೆಯಾದ ಹೊಸತರಲ್ಲಿ ಅಕ್ಕ ಇದನ್ನು ತನ್ನ ಮನೆಗೆಲಸದ ಮೇಲಿನ ಟೀಕೆಯೆಂದು ತಿಳಿದು ಅತ್ತಿದ್ದಳು. ಈಗ ಅವಳೇ ಕರವಸ್ತ್ರಗಳನ್ನು ಇಸ್ತ್ರಿ ಮಾಡಿ ಅವರ ಕಂದು ಕೋಟಿನ ಜೇಬಿಗಿಡುತ್ತಾಳೆ.

ಮೊಣಕೈಗಳನ್ನು ಪಕ್ಕೆಗೊತ್ತಿ, ಗೋಡೆಗೂ ಜನಕ್ಕೂ ತಾಗದಂತೆ ನಡೆಯುವ ಈ ಮನುಷ್ಯ ಬಾಗಿಲುಗಳನ್ನು ಭುಜದಿಂದಲೇ ತೆರೆಯುತ್ತಾರೆ. ಮಾತೂ ಹಾಗೆಯೇ, ಯಾವ ನಿಶ್ಚಯಕ್ಕೂ ತಾಗದಂತೆ ಸಾಗುತ್ತದೆ. "ಊಟ ಚೆನ್ನಾಗಿತ್ತು, ಆದರೆ..." ಎಂದು ನಿಲ್ಲಿಸುತ್ತಾರೆ, ಆ ಮುಂದಿನದು ಏನೆಂದು ಇಂದಿನವರೆಗೆ ಯಾರಿಗೂ ತಿಳಿದಿಲ್ಲ. ನಮ್ಮ ಮನೆಯ ಮಕ್ಕಳ ಬಾಯಲ್ಲಿ ಅವರು ‘ಆದರೆ ಮಾವ’, ದೊಡ್ಡವರಿಗೆ ‘ಆದರೆ ಭಾವ’.

ಇಂಥವರಿಗೆ ವಿಧಿ ಕೊಟ್ಟ ಉದ್ಯೋಗ ಮಾರಾಟದ್ದು. ಕಣ್ಣಿಗೆ ಕಾಣದ ರೋಗಾಣುವಿನ ಡಿಎನ್‌ಎ ತುಣುಕೊಂದನ್ನು ಹಿಡಿದು, ಅದನ್ನು ಕೋಟಿಗಟ್ಟಲೆ ಪ್ರತಿಮಾಡಿ, ‘ಇಗೋ, ಇಲ್ಲಿದ್ದಾನೆ’ ಎಂದು ಪರದೆಯ ಮೇಲೆ ಗೆರೆ ಎಳೆದು ತೋರಿಸುವ ಯಂತ್ರವನ್ನೂ ಅದರ ಕಿಟ್‌ಗಳನ್ನೂ ಅವರು ಆಸ್ಪತ್ರೆಗಳಿಗೆ, ಆಹಾರದ ಕಾರ್ಖಾನೆಗಳಿಗೆ ಮಾರುತ್ತಾರೆ. ಹಳೆಯ ಪದ್ಧತಿಯಲ್ಲಿ ರೋಗಾಣುವನ್ನು ತಟ್ಟೆಯಲ್ಲಿ ಸಾಕಿ ಬೆಳೆಸಿ ಗುರುತಿಸಲು ದಿನಗಳೇ ಬೇಕು. ಇಲ್ಲಿ ಕೆಲವೇ ತಾಸು. ಈ ಪೇಟೆಯಲ್ಲಿ ಕಂಪನಿಗಳ ಪೈಪೋಟಿ ವಿಪರೀತ, ಎಲ್ಲರೂ ‘ನೂರಕ್ಕೆ ನೂರು’ ಎಂದು ಎದೆ ತಟ್ಟಿಕೊಳ್ಳುವವರೇ. ಭಾವ ಮಾತ್ರ ಗಿರಾಕಿಯೆದುರು, "ಸತ್ತುಹೋದ ರೋಗಾಣುವನ್ನೂ ಇದು ತೋರಿಸಿಬಿಡುತ್ತೆ ಸಾರ್, ನೋಡಿಕೊಂಡು ನಂಬಬೇಕು" ಎಂದು ಶುರುಮಾಡುತ್ತಾರೆ. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ಕಾಣೆ.

ಒಮ್ಮೆ ದೊಡ್ಡ ಆಸ್ಪತ್ರೆಯೊಂದರ ನವಜಾತ ಶಿಶುಗಳ ವಾರ್ಡಿನಲ್ಲಿ ಪ್ರಾತ್ಯಕ್ಷಿಕೆಯಿತ್ತು. ಅಲ್ಲಿ ಎರಡು ಕೂಸುಗಳಿಗೆ ಜ್ವರ ಬಂದು, ಮೂಲ ತಿಳಿಯದೆ ವಾರ್ಡಿನ ಡಾಕ್ಟರಮ್ಮ ಕಂಗಾಲಾಗಿದ್ದರು. ಯಾವ ಯಂತ್ರ ಕೊಳ್ಳಬೇಕೆಂದು ತೀರ್ಮಾನಿಸುವವರೂ ಅವರೇ. ಭಾವನ ಜೊತೆ ಮಾರಾಟದ ಮುಖ್ಯಸ್ಥ, ವಯಸ್ಸಿನಲ್ಲಿ ಭಾವನಿಗಿಂತ ಬಹಳ ಕಿರಿಯ, ಖುದ್ದಾಗಿ ಬಂದಿದ್ದ. ತೊಟ್ಟಿಲುಗಳ ಹಿಡಿ, ಹಾಲು ಕಲಸುವ ಮೇಜು, ಕೈತೊಳೆಯುವ ತೊಟ್ಟಿ, ಎಲ್ಲದರಿಂದ ಮಾದರಿ ತೆಗೆದು ನಳಿಕೆಗಳಲ್ಲಿಟ್ಟರು. ಕೊನೆಯ ನಳಿಕೆಯಲ್ಲಿ, ಕಸುಬಿನ ಪದ್ಧತಿಯಂತೆ, ಬರೀ ಶುದ್ಧ ನೀರು. ಅದರಲ್ಲಿ ಏನೂ ಕಾಣಬಾರದು.

ಪರದೆಯ ಮೇಲೆ ಗೆರೆಗಳು ಒಂದರ ಹಿಂದೊಂದು ಎದ್ದವು. ಎಲ್ಲೆಲ್ಲೂ ರೋಗಾಣು! ಡಾಕ್ಟರಮ್ಮ ಬಿಳಿಚಿಕೊಂಡು, ವಾರ್ಡನ್ನೇ ಖಾಲಿ ಮಾಡಿ ಎಂದರು. ಅಂಗೈಯಗಲದ ಕೂಸುಗಳವು, ಕೆಲವು ಯಂತ್ರದ ಉಸಿರಿನ ಮೇಲಿದ್ದವು. ಎತ್ತಿ ಸಾಗಿಸುವುದೇ ಪ್ರಾಣಕ್ಕೆ ಎರವಾಗಬಹುದು. ದಾದಿಯರು ಓಡಾಡತೊಡಗಿದರು. ಭಾವನ ಕಣ್ಣು ಮಾತ್ರ ಕೊನೆಯ ಗೆರೆಯ ಮೇಲೆ ನೆಟ್ಟಿತ್ತು. ನೀರಿನ ನಳಿಕೆಯದೂ ಎದ್ದಿತ್ತು.

ಮುಖ್ಯಸ್ಥನೂ ನೋಡಿದ್ದ. "ಸಾರ್, ಬಾಯಿ ಬಿಡಬೇಡಿ. ಯಂತ್ರ ಹಿಡಿದು ತೋರಿಸಿದೆ, ಅಷ್ಟು ಸಾಕು," ಎಂದು ಕಿವಿಯಲ್ಲಿ ಉಸುರಿದ.

ಭಾವ ಡಾಕ್ಟರಮ್ಮನ ಕಡೆ ತಿರುಗಿದರು. "ಮೇಡಂ, ಮಕ್ಕಳನ್ನ ಈಗಲೇ ಎತ್ತಬೇಡಿ. ಬರೀ ನೀರಲ್ಲೂ ಬಂದಿದೆ. ಇದನ್ನ ನಂಬೋ ಹಾಗಿಲ್ಲ."

"ಅಂದ್ರೆ ರೋಗಾಣು ಇಲ್ಲ ಅಂತೀರಾ?"

"ಇಲ್ಲ ಅಂತಲೂ ಹೇಳಲ್ಲ."

"ಮತ್ತೇನ್ರೀ ಹೇಳ್ತೀರಿ?"

"ನನಗೆ ಗೊತ್ತಿಲ್ಲ ಅಂತ."

ತಪ್ಪು ಎಲ್ಲಿಯದೆಂದು ಮರುಕ್ಷಣವೇ ಅವರಿಗೆ ಹೊಳೆಯಿತು. ಬೆಳಿಗ್ಗೆ ಶಿಶು ಆಹಾರದ ಕಾರ್ಖಾನೆಯೊಂದರಲ್ಲಿ ಇದೇ ಪರೀಕ್ಷೆ ಮಾಡಿ ತೋರಿಸುವಾಗ, ಮುಗಿದ ನಳಿಕೆಯೊಂದರ ಮುಚ್ಚಳ ಹಾರಿ ಮೇಜಿನ ಮೇಲೆ ಒಂದು ಹನಿ ಬಿದ್ದಿತ್ತು. ಆ ಹನಿಯಲ್ಲಿದ್ದದ್ದು ಅದೇ ಡಿಎನ್‌ಎ ತುಣುಕಿನ ಕೋಟ್ಯಂತರ ಪ್ರತಿಗಳು. ಕಲೆ ಕಂಡರೆ ಕೈ ಕಟ್ಟಿ ಕೂರಲಾರದ ಭಾವ ಅದನ್ನು ಕರವಸ್ತ್ರದಿಂದ ಒರೆಸಿದ್ದರು. ಇಲ್ಲಿಗೆ ಬಂದು, ನಳಿಕೆಗಳನ್ನಿಡುವ ಮೊದಲು, ಅದೇ ಕರವಸ್ತ್ರದಿಂದ ಈ ಮೇಜನ್ನೂ ಶುಚಿಮಾಡಿದ್ದರು. ಗಲೀಜು ಮನುಷ್ಯನಾಗಿದ್ದರೆ ಈ ಪ್ರಮಾದ ಆಗುತ್ತಲೇ ಇರಲಿಲ್ಲ. ಕರವಸ್ತ್ರದ ಕಥೆಯನ್ನೂ ಅವರು ಡಾಕ್ಟರಮ್ಮನಿಗೆ ಮುಚ್ಚಿಡದೆ ಹೇಳಿದರು.

ಬೇರೆ ಕೋಣೆ, ಹೊಸ ಕಿಟ್, ದಾದಿಯ ಕೈ. ನನ್ನ ಕೈ ಮಾತ್ರ ಬೇಡ ಎಂದು ತಾವೇ ಹೊರಗೆ ನಿಂತರು. ಆ ಹೊತ್ತಿನಲ್ಲಿ ಅವರಿಗಿದ್ದದ್ದು ಒಂದೇ ಯೋಚನೆ. ರೋಗಾಣು ನಿಜವಾಗಿಯೂ ಎಲ್ಲೆಲ್ಲೂ ಇದ್ದು, ತಮ್ಮ ಮಾತಿನಿಂದ ಒಳಗುಳಿದ ಕೂಸುಗಳಲ್ಲಿ ಒಂದಕ್ಕೆ ಏನಾದರೂ ಆದರೆ? ಗಾಜಿನಾಚೆ ಒಂದು ಕೂಸು ಆಕಳಿಸಿತಂತೆ. ಇವರಿಗೆ ಅದು ಉಸಿರಿಗೆ ಒದ್ದಾಡಿದಂತೆ ಕಂಡು, ದಾದಿಯನ್ನು ಕೂಗಿ ಕರೆದು ಬೈಸಿಕೊಂಡರು.

ಎರಡನೆಯ ಸಲ ನೀರಿನ ನಳಿಕೆ ಶಾಂತವಾಗಿತ್ತು. ತೊಟ್ಟಿಲುಗಳೂ ಹಾಲಿನ ಮೇಜೂ ಶುದ್ಧ. ಎದ್ದದ್ದು ಒಂದೇ ಗೆರೆ, ಕೈತೊಳೆಯುವ ತೊಟ್ಟಿಯದು. ಜ್ವರದ ಕೂಸುಗಳೆರಡೂ ಅದರ ಪಕ್ಕದವೇ. ತೊಟ್ಟಿಯನ್ನು ಮುಚ್ಚಿ, ಆ ಎರಡನ್ನು ಬೇರೆಡೆ ಇಟ್ಟು, ಔಷಧಿ ಬದಲಿಸಿದರು. ಉಳಿದವು ಮಲಗಿದಲ್ಲೇ ಮಲಗಿದವು. ಜ್ವರ ಇಳಿದ ಸುದ್ದಿ ಬರುವವರೆಗೆ ಭಾವ ಗಂಟೆಗೊಮ್ಮೆ ವಾರ್ಡಿಗೆ ಫೋನು ಮಾಡುತ್ತಿದ್ದರು ಎಂದು ಅಕ್ಕ ಹೇಳುತ್ತಾಳೆ.

ಯಂತ್ರವನ್ನು ಆಸ್ಪತ್ರೆ ಕೊಂಡದ್ದು ಇನ್ನೊಂದು ಕಂಪನಿಯಿಂದ, ನೂರಕ್ಕೆ ನೂರು ಎಂದವರಿಂದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. "ನೀವು ಯಂತ್ರ ಮಾರೋಕೆ ಹೋಗಿದ್ರೋ, ಅನುಮಾನ ಮಾರೋಕೋ?" ಎಂದು ಮುಖ್ಯಸ್ಥ ಎಲ್ಲರೆದುರು ಜಾಡಿಸಿದ. ಸಣ್ಣ ಊರುಗಳ ಸುತ್ತಾಟಕ್ಕೆ ಅವರನ್ನು ಹಾಕಿದರು.

ಮೊನ್ನೆ ಭಾನುವಾರ ಮಧ್ಯಾಹ್ನ ನಮ್ಮಲ್ಲಿ ಊಟಕ್ಕೆ ಕೂತಿದ್ದಾಗ ಅವರ ಫೋನು ಮೊಳಗಿತು. ಡಾಕ್ಟರಮ್ಮ. "ಹೊಸ ಯಂತ್ರ ಎಲ್ಲಾ ಸ್ವಚ್ಛ ಅಂತಿದೆ. ನನಗ್ಯಾಕೋ ಧೈರ್ಯ ಸಾಲ್ತಿಲ್ಲ. ಒಂದ್ಸಲ ಬಂದು ನೋಡ್ತೀರಾ?"

ಭಾವ ಅರ್ಧ ಊಟದಲ್ಲೇ ಎದ್ದರು. ಅಕ್ಕನಿಗೆ ರೇಗಿತು. "ಅವರ ಯಂತ್ರಕ್ಕೆ ನೀವ್ಯಾಕ್ರೀ ಹೋಗಬೇಕು?"

"ಮಕ್ಕಳು ಯಾವ ಕಂಪನಿಯವರು ಅಂತ ಕೇಳ್ಲಾ?" ಎಂದು ಕೋಟು ಏರಿಸಿಕೊಂಡು ಹೊರಟೇಬಿಟ್ಟರು.

ಸಂಶಯಾತ್ಮರು ಸುಖಪಡುವುದಿಲ್ಲ, ಜೊತೆಗಿರುವವರನ್ನು ಸುಖವಾಗಿರಲು ಬಿಡುವುದೂ ಇಲ್ಲ. ಮನೆಯಲ್ಲಿ ನಾವು ಅವರನ್ನು ಹಾಸ್ಯಮಾಡಿ ಸಹಿಸುತ್ತೇವೆ, ಕಚೇರಿಯಲ್ಲಿ ಹಿಂದಿನ ಸಾಲಿಗೆ ತಳ್ಳುತ್ತೇವೆ, ಪೇಟೆಯಲ್ಲಿ ಅವರನ್ನು ದಾಟಿ ಧೈರ್ಯದ ಮಾತಾಡುವವರ ಅಂಗಡಿಗೆ ಹೋಗುತ್ತೇವೆ. ನಮ್ಮದೇ ಕೂಸು ಒಳಗೆ ಮಲಗಿರುವ ದಿನ ಮಾತ್ರ, ಆ ಬಾಗಿಲಲ್ಲಿ ಅಂಥವರೊಬ್ಬರು ನಿಂತಿರಲಿ ಎಂದು ಕೈಮುಗಿದು ಬೇಡಿಕೊಳ್ಳುತ್ತೇವೆ.