ಮುಂದಿನ ವಾರ ತೆಗೆಯಬೇಕಾಗಿದ್ದ ಸಾಲು

ಆಸ್ಪತ್ರೆಯ ಡೇಟಾಬೇಸ್ ನೋಡಿಕೊಳ್ಳುತ್ತಿದ್ದ ಆಕೆಗೆ ಕೊನೆಗೂ ವರ್ಗಾವಣೆಯಾಗಿತ್ತು, ಅದೂ ಗಂಡ, ಮಗಳು ಇರುವ ಊರಿಗೆ! ಮೂರು ವರ್ಷ ಅರ್ಜಿ ಬರೆದು ಬರೆದು ಕೈ ಸೋತಿತ್ತು. ಸೋಮವಾರ ಹೊರಡಬೇಕು ಎನ್ನುವಾಗ, ಗುರುವಾರ ಡೇಟಾಬೇಸ್ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂತು. ಶುಕ್ರವಾರ ಬೆಳಿಗ್ಗೆ ವಾರ್ಡುಗಳ ಔಷಧಿ ಪಟ್ಟಿ ಕೈಕೊಟ್ಟಿತು. ಇಪ್ಪತ್ತು ನಿಮಿಷದಲ್ಲಿ ಸಿದ್ಧವಾಗುತ್ತಿದ್ದ ಪಟ್ಟಿಗೆ ಈಗ ನಾಲ್ಕು ಗಂಟೆ.

"ಇದು ಸರಿಹೋಗೋವರೆಗೂ ನಿಮ್ಮನ್ನ ಬಿಡೋ ಮಾತೇ ಇಲ್ಲ," ಎಂದರು ಮ್ಯಾನೇಜರು. ಅವರ ಕೆಂಗಣ್ಣು ಮಾತ್ರ ಆಕೆಯ ಜಾಗಕ್ಕೆಂದು ಬಂದಿದ್ದ ಹೊಸಬಳ ಮೇಲೆ. ಅಪ್‌ಗ್ರೇಡ್ ಮಾಡಿದ್ದು ಅವಳೇ, ಕೆಲಸವಿನ್ನೂ ಕಾಯಂ ಆಗಿರಲಿಲ್ಲ.

ಕಿಟಕಿಯಿಲ್ಲದ ಕೋಣೆಯಲ್ಲಿ ಇಬ್ಬರೂ ಶನಿವಾರವೂ ಕೂತರು. ಡಿಸ್ಕಿಗೆ ಏನೂ ಆಗಿರಲಿಲ್ಲ, ಮೆಮೊರಿ ಬೇಕಾದಷ್ಟಿತ್ತು. ಆದರೂ ಒಬ್ಬ ರೋಗಿಯ ಔಷಧಿ ಚೀಟಿ ಹುಡುಕಲು ಡೇಟಾಬೇಸ್ ಎಂಟು ವರ್ಷದ ಚೀಟಿಗಳನ್ನೆಲ್ಲ ಜಾಲಾಡುತ್ತಿತ್ತು.

"ಯಾಕೆ ಹಿಂಗಾಡ್ತಿದೆ ಅಕ್ಕಾ?" ಹೊಸಬಳ ದನಿ ಅಳುವಂತಿತ್ತು.

ಮಧ್ಯಾಹ್ನ ಆಕೆಯ ಕಣ್ಣಿಗೆ ಬಿತ್ತು. ಕೋಡಿನ ನಡುವೆ ಒಂದು ಸೂಚನೆ: ರೋಗಿಯ ಹೆಸರಿನಿಂದ ಬೇಡ, ತಾರೀಖಿನ ಇಂಡೆಕ್ಸ್ ಹಿಡಿದೇ ಹುಡುಕು. ಪಕ್ಕದಲ್ಲಿ ಟಿಪ್ಪಣಿ: ತಾತ್ಕಾಲಿಕ, ಮುಂದಿನ ವಾರ ತೆಗೆಯಬೇಕು. ಬರೆದವರ ಹೆಸರು ಆಕೆಯದೇ, ತಾರೀಖು ಎಂಟು ವರ್ಷ ಹಿಂದಿನದು. ಹಳೆಯ ಆವೃತ್ತಿ ಅದಕ್ಕೆ ಸೊಪ್ಪು ಹಾಕದೆ ತನಗೆ ಸರಿಕಂಡ ದಾರಿ ಹಿಡಿಯುತ್ತಿತ್ತು. ಹೊಸದೋ ಮಹಾ ವಿಧೇಯ, ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸುತ್ತಿತ್ತು.

ಸದ್ದಿಲ್ಲದೆ ಅಳಿಸಿದರೆ ಸೋಮವಾರದ ರೈಲು ತಪ್ಪುವುದಿಲ್ಲ, ದೂರೆಲ್ಲ ಹೊಸಬಳ ತಲೆಗೆ. ಆ ಯೋಚನೆ ಬಂದಿದ್ದಕ್ಕೇ ಆಕೆಗೆ ನಾಚಿಕೆಯಾಯಿತು. ಸುಳ್ಳೇಕೆ, ಆದರೂ ಬೆರಳು ಅಳಿಸುವ ಕೀಲಿಯವರೆಗೆ ಹೋಗಿತ್ತು.

ಆಮೇಲೆ ಮ್ಯಾನೇಜರನ್ನು ಕರೆದಳು. "ಸರ್, ಈ ಸಾಲು ನಂದು. ಅವಳದ್ದೇನೂ ತಪ್ಪಿಲ್ಲ."

ಸಾಲು ಅಳಿಸಿದಳು. ಹದಿನೆಂಟೇ ನಿಮಿಷಕ್ಕೆ ಪಟ್ಟಿ ಬಂತು. ಬೈಸಿಕೊಳ್ಳಲು ತಯಾರಾಗಿ ನಿಂತಿದ್ದವಳ ಎದುರು ಮ್ಯಾನೇಜರ ಮುಖ ಮೊರದಗಲವಾಯಿತು.

"ಇಂಥವು ಇನ್ನೆಷ್ಟಿವೆಯಮ್ಮಾ?"

"ನೂರಕ್ಕೆ ಕಮ್ಮಿಯಿಲ್ಲ ಸರ್."

"ನೋಡಿ ಮತ್ತೆ! ನಿಮ್ಮನ್ನ ಬಿಟ್ರೆ ಇದೆಲ್ಲ ಯಾರಿಗೆ ಅರ್ಥ ಆಗುತ್ತೆ? ವರ್ಗಾವಣೆ ನಿಲ್ಲಿಸೋಕೆ ಇವತ್ತೇ ಮೇಲಿನವರ ಹತ್ರ ಮಾತಾಡ್ತೀನಿ."

ಬೈದಿದ್ದರೆ ಚೆನ್ನಾಗಿತ್ತು. ಹೊಸಬಳು ತಲೆ ತಗ್ಗಿಸಿದಳು. ಅಷ್ಟರಲ್ಲಿ ಗಂಡನ ಫೋನು.

"ಸರಿಹೋಯ್ತಾ?"

"ಹೂಂ, ಸರಿಹೋಯ್ತು. ಆದ್ರೆ..."

ಅವನಿಗೆ ಮುಂದಿನದು ಕೇಳುವ ವ್ಯವಧಾನವಿರಲಿಲ್ಲ. "ಪುಟ್ಟೀ, ಅಮ್ಮನ ಕೆಲಸ ಮುಗೀತಂತೆ ಕಣೇ!" ಎಂದು ಕೂಗುತ್ತ ಒಳಗೆ ಓಡಿದ್ದು ಆಕೆಗೆ ಕೇಳಿಸಿತು.