ಎಣ್ಣೆತಲೆಯ ಪ್ರಯೋಗ

ಜನವರಿಯಲ್ಲಿ ಬಹರೈನಿನ ಗಾಳಿ ಒಣಗಿಬಿಡುತ್ತದೆ. ಸೆಗಯಾ ಬಡಾವಣೆಯ ಒಂದು ಫ್ಲ್ಯಾಟಿನಲ್ಲಿ ಕಾರ್ಪೆಟ್ ಮೇಲೆ ನಡೆದುಹೋಗಿ ಬಾಗಿಲ ಹಿಡಿ ಮುಟ್ಟಿದವರಿಗೆಲ್ಲ ಚಟ್ ಎಂದು ಶಾಕ್ ಹೊಡೆಯುತ್ತಿತ್ತು. ತುಮಕೂರಿನಿಂದ ವಿಸಿಟ್ ವೀಸಾದಲ್ಲಿ ಬಂದಿದ್ದ ಚಂದ್ರಮ್ಮನವರು ಕೈಗೆ ಸೆರಗು ಸುತ್ತಿಕೊಂಡೇ ಬಾಗಿಲು ತೆಗೆಯುವುದನ್ನು ಕಲಿತಿದ್ದರು.

“ಈ ಮನೆ ವೈರಿಂಗ್ ಸರಿಯಿಲ್ಲ ಕಣೋ, ಓನರಿಗೆ ಹೇಳು,” ಎಂದು ಮಗ ಹರಿನಾಥನಿಗೆ ದಿನವೂ ಹೇಳುತ್ತಿದ್ದರು.

“ವೈರಿಂಗ್ ಅಲ್ಲ ಅತ್ತೆ,” ಎಂದಳು ಸೊಸೆ ಮಧುಶ್ರೀ. “ಕಾರ್ಪೆಟ್ಟಿಗೆ ಕಾಲು ಉಜ್ಜಿದಾಗ ಮೈಯಲ್ಲಿ ಚಾರ್ಜು ಸೇರಿಕೊಳ್ಳುತ್ತೆ. ಒಣ ಹವೆಯಲ್ಲಿ ಅದು ಮೆಲ್ಲಗೆ ಇಳಿದುಹೋಗಲ್ಲ. ಲೋಹ ಹತ್ತಿರ ಬಂತು ಅಂದ್ರೆ ಒಂದೇ ಸಲಕ್ಕೆ ಹಾರುತ್ತೆ.”

“ಹಾರಲಿ, ಬೇಡ ಅನ್ನಲ್ಲ. ಹಾರೋದಕ್ಕೆ ನನ್ನ ಬೆರಳೇ ಬೇಕಿತ್ತಾ?”

“ಶುರುವಾಯ್ತು ಫಿಸಿಕ್ಸು,” ಎಂದು ಹರಿನಾಥ ಟೀವಿಯ ದನಿ ಏರಿಸಿದ. ಅವನು ಕೆಟ್ಟವನಲ್ಲ. ಹಿದ್ ಬಂದರಿನಲ್ಲಿ ದಿನವಿಡೀ ಕಂಟೇನರುಗಳ ಲೆಕ್ಕ ಹಾಕಿ ಬಂದವನಿಗೆ ಮನೆಯಲ್ಲಿ ಪಾಠ ಬೇಡ, ಅಷ್ಟೆ. ಆದರೆ ಮದುವೆಗೆ ಮುಂಚೆ ಮೈಸೂರಿನ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತಿದ್ದ ಮಧುಶ್ರೀಗೆ, ಯಾರಾದರೂ ಒಬ್ಬರು ‘ಅದ್ಯಾಕೆ ಹಾಗೆ?’ ಎಂದು ಕೇಳಿದರೆ ಸಾಕು ಎನ್ನಿಸುತ್ತಿತ್ತು. ಈ ಊರಿಗೆ ಬಂದ ಮೇಲೆ ಅವಳು ಉತ್ತರಗಳನ್ನೆಲ್ಲ ಒಳಗೇ ಇಟ್ಟುಕೊಂಡು ಸಾರು ಕುದಿಸಿದ್ದಳು.

ಹಾಗಿರುವಾಗ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರ್ ಬೇಕಾಗಿದ್ದಾರೆಂದು ತಿಳಿಯಿತು. ಗುರುವಾರ ಏಳನೇ ಕ್ಲಾಸಿಗೆ ಒಂದು ಪಾಠ ಮಾಡಿ ತೋರಿಸಬೇಕು. ಹೆಡ್‌ಮಿಸ್ಟ್ರೆಸ್ ಹಿಂದೆ ಕೂತು ನೋಡುತ್ತಾರೆ. ಹಿಡಿಸಿದರೆ ಕೆಲಸ. ವಿಷಯ, ಸ್ಥಿರ ವಿದ್ಯುತ್ತು. ಮಧುಶ್ರೀ ಒಂದು ವಾರ ಕನ್ನಡಿಯೆದುರು ನಿಂತು ಬಾಚಣಿಗೆಯಿಂದ ತಲೆ ಬಾಚಿ, ಕಾಗದದ ಚೂರುಗಳನ್ನು ಎಬ್ಬಿಸಿದಳು. ಒಂದೊಂದು ಸಲವೂ ಚೂರುಗಳು ಇರುವೆಗಳಂತೆ ಜಿಗಿದು ಅಂಟಿಕೊಳ್ಳುತ್ತಿದ್ದವು.

ಚಂದ್ರಮ್ಮ ಮಾತ್ರ ವಾರವಿಡೀ ಬಿಗಿಯಾಗಿಯೇ ಇದ್ದರು. “ಇಲ್ಲಿಗೆ ಬಂದೂ ನೀನು ದುಡೀಬೇಕಾ?” ಎಂದು ಒಂದು ಸಲ ಕೇಳಿ ಸುಮ್ಮನಾಗಿದ್ದರು. ಆ ಸುಮ್ಮನಿರುವಿಕೆಯೇ ಮಧುಶ್ರೀಗೆ ಭಾರವಾಗಿತ್ತು. ಗುರುವಾರ ಬೆಳಿಗ್ಗೆ ನೋಡಿದರೆ ಅವರೇ ಬೆಚ್ಚಗಿನ ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದು ನಿಂತಿದ್ದಾರೆ.

“ಬಾ ಇಲ್ಲಿ, ಕೂತ್ಕೋ. ಒಳ್ಳೇ ಕೆಲಸಕ್ಕೆ ಹೋಗೋವಾಗ ಬರೀ ತಲೇಲಿ ಹೋಗ್ತಾರೇನೆ? ನೆತ್ತಿ ತಂಪಾಗಿದ್ರೆ ಮಾತೂ ತಂಪಾಗಿರುತ್ತೆ.”

ಮಧುಶ್ರೀ ಕೆಳಗೆ ಕೂತಳು. ಆ ಬೆರಳುಗಳು ನೆತ್ತಿಯ ಮೇಲೆ ಓಡಾಡುತ್ತಿದ್ದಾಗ ಅವಳು ಕಣ್ಣು ಮುಚ್ಚಿಕೊಂಡಳು. ಅತ್ತೆ ಒಪ್ಪಿದ್ದಾರೆ ಎಂಬುದೊಂದೇ ತಲೆಯಲ್ಲಿ ಉಳಿದು, ಫಿಸಿಕ್ಸ್ ಪೂರಾ ಹಾರಿಹೋಯಿತು.

ಶಾಲೆಯಲ್ಲಿ ಹೆಡ್‌ಮಿಸ್ಟ್ರೆಸ್ ಎಸ್ತರ್ ಕೊನೆಯ ಬೆಂಚಿನಲ್ಲಿ ಪೆನ್ನು ಹಿಡಿದು ಕೂತರು. ಉಡುಪಿ ಕಡೆಯವರು, ನಗದ ಮುಖ. ಪಾಠ ಇಂಗ್ಲಿಷಿನಲ್ಲಿ. ಮಧುಶ್ರೀ ಕಾಗದದ ಚೂರು ಹರಡಿ, ಜಡೆಯ ತುದಿಯನ್ನು ಜೋರಾಗಿ ಬಾಚಿ, ಬಾಚಣಿಗೆಯನ್ನು ಚೂರುಗಳ ಮೇಲೆ ಹಿಡಿದಳು.

ಏನೂ ಆಗಲಿಲ್ಲ.

ಮತ್ತೆ ಬಾಚಿದಳು. ಒಂದು ಚೂರೂ ಅಲುಗಲಿಲ್ಲ.

“ಮಿಸ್, ಬ್ಯಾಟರಿ ಖಾಲಿ!” ಎಂದ ಬ್ರಯಾನ್ ಎಂಬ ಹುಡುಗ. ಕ್ಲಾಸು ಗೊಳ್ಳೆಂದಿತು. ಎಸ್ತರ್ ಏನೋ ಬರೆದುಕೊಂಡರು. ಮಧುಶ್ರೀಯ ಕಿವಿ ಬಿಸಿಯಾಯಿತು. ಮನೆಗೆ ಹೋಗಿ ಏನು ಹೇಳಲಿ ಎಂದುಕೊಳ್ಳುತ್ತ ಬಾಚಣಿಗೆ ನೋಡಿದಳು. ಅದರ ಹಲ್ಲುಗಳು ಮಿರಮಿರ ಮಿಂಚುತ್ತಿದ್ದವು. ನೋಡಿದವಳಿಗೆ ತಡೆಯಲಾಗದ ನಗು ಬಂದುಬಿಟ್ಟಿತು.

“ಬ್ರಯಾನ್, ಬ್ಯಾಟರಿ ಅಲ್ಲಪ್ಪ. ಇವತ್ತು ನಮ್ಮ ಅತ್ತೆ ನನ್ನ ತಲೆಗೆ ಎಣ್ಣೆ ಹಾಕಿ ಕಳಿಸಿದಾರೆ! ಹೇಳಿ ನೋಡೋಣ, ಎಣ್ಣೆ ಇಲ್ಲಿ ಏನು ಮಾಡ್ತು?”

ಮುಂದಿನ ಸಾಲಿನ ಆನ್ಸಿ ಎಂಬ ಹುಡುಗಿ ಮೆಲ್ಲನೆ ತನ್ನ ನೆತ್ತಿ ಮುಟ್ಟಿಕೊಂಡಳು. “ನಂದೂ ಎಣ್ಣೆತಲೆ, ಮಿಸ್. ಅಮ್ಮ ಬಿಡೋದೇ ಇಲ್ಲ.”

“ಎಷ್ಟು ಜನರದ್ದು ಎಣ್ಣೆತಲೆ? ಕೈ ಎತ್ತಿ.”

ನಾಚಿಕೊಂಡು ಒಂದೊಂದೇ ಕೈ ಎದ್ದವು. ಕಡೆಗೆ ಅರ್ಧ ಕ್ಲಾಸೇ ಕೈ ಎತ್ತಿತ್ತು. ಮಧುಶ್ರೀ ಎಣ್ಣೆಯವರನ್ನು ಕಿಟಕಿ ಕಡೆಗೂ ಶಾಂಪೂದವರನ್ನು ಬಾಗಿಲ ಕಡೆಗೂ ನಿಲ್ಲಿಸಿ, ಎಲ್ಲರ ಕೈಗೂ ಅವರವರ ಪ್ಲಾಸ್ಟಿಕ್ ಸ್ಕೇಲು ಹಿಡಿಸಿ, ಕೂದಲಿಗೆ ಉಜ್ಜಿಸಿದಳು. ಬಾಗಿಲ ಕಡೆ ಚೂರುಗಳು ಚಿಮ್ಮಿದವು, ಕಿರುಚಾಟ ಎದ್ದಿತು. ಕಿಟಕಿ ಕಡೆ ಮೌನ, ಬರೀ ಅಸೂಯೆ.

“ಅದ್ಯಾಕೆ ಹಾಗೆ, ಮಿಸ್?” ಎಂದಳು ಆನ್ಸಿ.

ಮಧುಶ್ರೀ ಅವಳ ಹತ್ತಿರ ಹೋಗಿ ಹೇಳಿದಳು. “ಎರಡು ಬೇರೆ ಬೇರೆ ವಸ್ತು ಒಂದನ್ನೊಂದು ಉಜ್ಜಿದಾಗ ಒಂದರ ಎಲೆಕ್ಟ್ರಾನು ಇನ್ನೊಂದಕ್ಕೆ ದಾಟುತ್ತೆ. ಸ್ಕೇಲು ಕೂದಲನ್ನ ಉಜ್ಜಬೇಕು. ನಿನ್ನದು ಉಜ್ಜಿದ್ದು ಎಣ್ಣೇನ. ಕೂದಲು ಅದರ ಕೈಗೆ ಸಿಗಲೇ ಇಲ್ಲ. ಈಗ ಅದೇ ಸ್ಕೇಲನ್ನ ಚೆನ್ನಾಗಿ ಒರೆಸಿ ನಿನ್ನ ಸ್ವೆಟರಿಗೆ ಉಜ್ಜು.”

ಆನ್ಸಿ ಉಜ್ಜಿದಳು. ಚೂರೊಂದು ಎದ್ದು ಸ್ಕೇಲಿಗೆ ಅಂಟಿತು. ಕಿಟಕಿ ಕಡೆಯವರು ಕಪ್ ಗೆದ್ದವರಂತೆ ಕೂಗಿದರು.

ಬೆಲ್ಲಾದ ಮೇಲೆ ಎಸ್ತರ್ ಹತ್ತಿರ ಬಂದು ಕನ್ನಡದಲ್ಲಿ ಕೇಳಿದರು. “ಎಣ್ಣೆ ಹಾಕಿಕೊಂಡು ಬಂದದ್ದು ಬೇಕೂಂತಲೇ ಅಲ್ವಾ?”

“ಇಲ್ಲ ಮೇಡಂ. ಮರೆತೇಹೋಗಿತ್ತು.”

“ಹೌದು ಅಂತ ಹೇಳಿದ್ರೆ ನಾನು ನಂಬ್ತಿರ್ಲಿಲ್ಲ. ಆಗ ನಿಮ್ಮ ಮುಖ ನೀವೇ ಕಾಣ್ಬೇಕಿತ್ತು!” ಎಸ್ತರ್ ಕಡೆಗೂ ನಕ್ಕರು. “ಶುಕ್ರವಾರ, ಶನಿವಾರ ರಜೆ. ಭಾನುವಾರದಿಂದ ಬನ್ನಿ. ಮುಂದಿನ ಪಾಠ ಬಲ್ಬು, ಸರ್ಕ್ಯೂಟು. ಆದ್ರೆ ಒಂದು ವಿಷಯ: ಮಕ್ಕಳು ನಾಳೆಯಿಂದ ಎಣ್ಣೆ ಬೇಡ ಅಂತ ಹಟ ಮಾಡಿದ್ರೆ ಅವರ ಅಮ್ಮಂದಿರಿಗೆ ನೀವೇ ಉತ್ತರ ಕೊಡ್ಬೇಕು.”

ಹೊರಗೆ ಬಂದು ಮಧುಶ್ರೀ ಮನೆಗೆ ಫೋನ್ ಮಾಡಿದಳು. ಮೊದಲ ರಿಂಗಿಗೇ ಚಂದ್ರಮ್ಮ ಎತ್ತಿಕೊಂಡರು.

“ಏನಾಯ್ತೇ?”

“ಸಿಕ್ತು ಅತ್ತೆ. ಭಾನುವಾರದಿಂದ.”

ಮಧುಶ್ರೀ ಫೋನನ್ನು ಕಿವಿಗೆ ಒತ್ತಿಕೊಂಡಳು.

“ಅಲ್ಲ, ನಾನು ಊರಿಗೆ ಹೋದ್ಮೇಲೆ ಮಧ್ಯಾಹ್ನದ ಡಬ್ಬಿಗೆ ಬೆಳಿಗ್ಗೆ ಅಡುಗೆ ಯಾರು ಮಾಡ್ತಾರೆ?”

“ನಿಮ್ಮ ಮಗ.”

“ಅವನಾ? ಅವನಿಗೆ ಅಕ್ಕಿ ತೊಳೆಯೋಕೂ ಬರಲ್ಲ.”

“ಕಲೀತಾರೆ ಬಿಡಿ.”

“ಅವನಾಗಿ ಎಲ್ಲಿ ಕಲೀತಾನೆ,” ಎಂದರು ಚಂದ್ರಮ್ಮ. ಅವರ ದನಿಯಲ್ಲಿ ಹಿಂದೆಂದೂ ಕೇಳದ ಉತ್ಸಾಹವಿತ್ತು. “ನಾನಿರೋವಾಗ್ಲೇ ಕಲಿಸಿ ಹೋಗ್ತೀನಿ. ಸಾಯಂಕಾಲ ಬರ್ಲಿ, ಇವತ್ತೇ ಶುರು. ನೀನು ಬಂದು ಅಡುಗೆಮನೆಗೆ ಹೋಗಬೇಡ, ಸೋಫಾ ಮೇಲೆ ಕೂತ್ಕೊಂಡು ನೋಡು, ಸಾಕು.”