ಹೂಂ, ಊಹೂಂ

ಹಿಮ ಬಿದ್ದ ಮಾರನೆಯ ದಿನ. ಅಡುಗೆಮನೆಯ ಕಿಟಕಿಯಾಚೆ ಆಕಾಶಕ್ಕೂ ಗೋದಿ ಕೊಯ್ದ ಹೊಲಕ್ಕೂ ಒಂದೇ ಬಣ್ಣ; ಬೇಲಿಯ ಕಂಬಗಳು ನೆಲವನ್ನು ಮರೆತು ಬೆಳಕಿನಲ್ಲೇ ತೂಗುತ್ತಿರುವಂತೆ ಕಾಣುತ್ತಿದ್ದವು. ಮೊಂಟಾನಾದ ಆ ಬಯಲಿನಲ್ಲಿ ಅಕ್ಟೋಬರ್ ಕೊನೆಯ ಮಧ್ಯಾಹ್ನಗಳು ಹೀಗೆಯೇ, ಅರ್ಧ ಎಚ್ಚರ, ಅರ್ಧ ಜೊಂಪು. ರೊವೀನಾ ಸೇಬಿನ ಪೈಯನ್ನು ಒಲೆಯೊಳಗಿಟ್ಟಳು. ಲಟ್ಟಣಿಗೆ ತೊಳೆದಳು. ಹಿಟ್ಟು ಚೆಲ್ಲಿದ್ದ ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸಿ, ಅದರ ಮೇಲೆ ಬಂದೂಕಿನ ಬಿಡಿಭಾಗಗಳನ್ನು ಹರಡಿಕೊಂಡಳು.

ಒಲೆಯ ಪಕ್ಕದ ಕುರ್ಚಿಯಲ್ಲಿ ಅವಳ ಅಪ್ಪ ಆರ್ವಲ್ ಕುಳಿತಿದ್ದ. ನಲವತ್ತು ವರ್ಷ ಆ ಸೀಮೆಯ ಬೇಟೆಗಾರರಿಗೆ ಬಂದೂಕು ಜೋಡಿಸಿಕೊಟ್ಟ ಕೈಗಳು ಈಗ ಮೊಣಕಾಲ ಮೇಲೆ ಸುಮ್ಮನಿದ್ದವು. ಕಣ್ಣಿಗೆ ಕಿಟಕಿ ಒಂದು ಬಿಳಿ ಚೌಕವಾಗಿ ಮಾತ್ರ ಕಾಣುತ್ತಿತ್ತು. ಮೊಮ್ಮಗಳು ಹ್ಯಾಟಿ ತೊಟ್ಟಿಲಲ್ಲಿದ್ದಾಗಲೇ ಅವಳಿಗೆಂದು ಒಂದು ನಳಿಗೆ ತಂದು ಎತ್ತಿಟ್ಟಿದ್ದ. ಹ್ಯಾಟಿಗೆ ಈಗ ಹದಿಮೂರು. ನಾಳೆ ಜಿಂಕೆ ಬೇಟೆಯ ಮೊದಲ ದಿನ. ಆ ನಳಿಗೆಯನ್ನು ಬಂದೂಕಿಗೆ ಕೂರಿಸಬೇಕಾದವಳು ರೊವೀನಾ. ಜನ್ಮದಲ್ಲಿ ಇದೇ ಮೊದಲು.

"ಬೋಲ್ಟಿನ ಒಳಗಿನ, ಗುಂಡು ಸಿಡಿಸೋ ಸೂಜಿ ತೆಗೆದ್ಯಾ?" ಎಂದ ಆರ್ವಲ್.

"ತೆಗೆದೆ ಅಪ್ಪ. ಇದು ಮೂರನೇ ಸಲ ಕೇಳ್ತಿರೋದು."

"ನಾಲ್ಕನೇ ಸಲಾನೂ ಕೇಳ್ತೀನಿ. ಪೈಗೆ ಉಪ್ಪು ಹಾಕೋದನ್ನೇ ಮರೆಯೋಳು ನೀನು."

"ಹಾಗಾದ್ರೆ ನಿನಗೆ ಪೈ ಬೇಡ ಅನ್ನು."

"ಅದು ಬೇರೆ ವಿಷಯ ಕಣೇ."

ಮರದ ಪುಟ್ಟ ಡಬ್ಬಿಯಲ್ಲಿ ಎರಡು ಉಕ್ಕಿನ ತುಂಡುಗಳಿದ್ದವು. ಎರಡೂ ಹೆಬ್ಬೆರಳುದ್ದ, ಅವಳಿಗಳಂತೆ ಒಂದೇ ರೂಪ. ಒಂದು ಮಾತ್ರ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಉದ್ದ. ಅವು ಅಳತೆಯ ಗೇಜುಗಳು. ನಳಿಗೆಯ ಹಿಂಬಾಯಿಗೆ ಅಗುಳಿಯಂತಿರುವ ಬೋಲ್ಟ್ ಮುಚ್ಚಿದಾಗ ಅದರ ಮುಖಕ್ಕೂ ನಳಿಗೆಯೊಳಗೆ ಕಾಡತೂಸು ಆತು ಕೂರುವ ಅಂಚಿಗೂ ನಡುವೆ ಒಂದು ಪುಟ್ಟ ಕೋಣೆ ಉಳಿಯುತ್ತದೆ. ಆ ಕೋಣೆಯ ಉದ್ದಕ್ಕೆ ಕಸುಬಿನವರು ಹೆಡ್‌ಸ್ಪೇಸ್ ಎನ್ನುತ್ತಾರೆ. ಕೋಣೆ ಕಿರಿದಾದರೆ ಬೋಲ್ಟ್ ಮುಚ್ಚುವುದಿಲ್ಲ. ಹಿರಿದಾದರೆ ಗುಂಡು ಹಾರಿದ ಕ್ಷಣ ಕಾಡತೂಸಿನ ಹಿತ್ತಾಳೆಯ ಕೋಶ ಹಿಗ್ಗಿ ಸೀಳಿ, ಬೆಂಕಿಯ ಉಸಿರು ಹಾರಿಸಿದವರ ಮುಖಕ್ಕೇ ತಿರುಗೀತು. ಗಿಡ್ಡ ಗೇಜನ್ನು ಇಟ್ಟಾಗ ಬೋಲ್ಟ್ ಮುಚ್ಚಬೇಕು, ಉದ್ದದ್ದನ್ನು ಇಟ್ಟಾಗ ಮುಚ್ಚಬಾರದು. ಆರ್ವಲ್ ಗಿಡ್ಡದ್ದಕ್ಕೆ 'ಹೂಂ' ಎಂದೂ ಉದ್ದದ್ದಕ್ಕೆ 'ಊಹೂಂ' ಎಂದೂ ಹೆಸರಿಟ್ಟಿದ್ದ.

"ಎರಡಕ್ಕೂ ಹೂಂ ಅಂದ್ರೆ?" ಎಂದು ಕೇಳಿದಳು ರೊವೀನಾ, ಉತ್ತರ ಗೊತ್ತಿದ್ದರೂ.

"ನಿನ್ನ ಗಂಡ ಇದ್ದ ಹಾಗೆ. ಬೇಟೆಗೆ ಕರ್ಕೊಂಡು ಹೋಗೋಕಾಗಲ್ಲ."

ರೊವೀನಾ ನಗುತ್ತಲೇ 'ಹೂಂ' ಗೇಜನ್ನು ಒಳಗಿಟ್ಟು ಬೋಲ್ಟ್ ಮುಚ್ಚಿದಳು. ಗೇಜಿಗೆ ತಾಗುವವರೆಗೆ ನಳಿಗೆಯನ್ನು ತಿರುಗಿಸಿ, ಅದನ್ನು ಹಿಡಿದಿಡುವ ದೊಡ್ಡ ನಟ್ಟನ್ನು ಸ್ಪ್ಯಾನರಿನಿಂದ ಬಿಗಿದಳು. ಒಲೆಯಿಂದ ದಾಲ್ಚಿನ್ನಿಯ ಪರಿಮಳ ಬಂದು ಎಣ್ಣೆಯ ವಾಸನೆಯೊಂದಿಗೆ ಬೆರೆಯಿತು. ಅವಳ ಮನಸ್ಸು ಎಲ್ಲೋ ತೇಲಿತು. ಹ್ಯಾಟಿ ಹುಟ್ಟುವ ಮುಂಚೆ ಅವಳು ಒಂದು ಟೋಪಿ ಹೆಣೆದಿದ್ದಳು, ಕಾಣದ ತಲೆಯ ಅಳತೆಗೆ, ಬರೀ ಊಹೆಯ ಮೇಲೆ. ಮಗು ಬಂದಾಗ ಅದು ಕಿವಿಯ ಮೇಲೆ ಸರಿಯಾಗಿ ಕೂತಿತ್ತು. ಆಮೇಲೆ ಯಾವುದೂ ಹಾಗೆ ಕೂರಲಿಲ್ಲ. ಬೂಟು ತಂದ ತಿಂಗಳಿಗೇ ಬೆರಳು ತಾಗುತ್ತಿತ್ತು. ಬೆಳೆಯದೆ, ಕುಗ್ಗದೆ, ಅಳತೆಯನ್ನು ನೆನಪಿಟ್ಟುಕೊಂಡು ಇರಬಲ್ಲ ವಸ್ತುವೊಂದು ಈಗ ಅವಳ ಕೈಯಲ್ಲಿತ್ತು. ಅದು ಅವಳಿಗೆ ಕನಸಿನಲ್ಲಿ ಕಂಡ ಕೋಣೆಯಷ್ಟೇ ವಿಚಿತ್ರವೆನಿಸಿತು.

"ಒಂದೇ ಬೆರಳಲ್ಲಿ ಒತ್ತು. ಬಲ ಹಾಕಬೇಡ," ಎಂದ ಆರ್ವಲ್.

'ಹೂಂ' ಇಟ್ಟು ಒತ್ತಿದಳು. ಬೋಲ್ಟಿನ ಹಿಡಿ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಗೇಜನ್ನು ತೆಗೆದು, ಮೇಜಿನ ಮೇಲಿದ್ದ 'ಊಹೂಂ' ಇಟ್ಟು ಒತ್ತಿದಳು. ಹಿಡಿ ಅರ್ಧದಲ್ಲೇ ನಿಂತಿತು.

"ಊಹೂಂ ಅಂತು ಅಪ್ಪ! ಆಯ್ತು!"

ಆರ್ವಲ್ ತಲೆ ವಾಲಿಸಿದ. "ಯಾಕೋ ಮೆತ್ತಗೆ ಅಂತಲ್ಲ?"

"ಬಂದೂಕಿಗೂ ನಾಚಿಕೆ ಇರಬಾರದಾ? ಕಣ್ಣಾಯ್ತು, ಈಗ ಕಿವೀನೂ ಹೋಯ್ತು ನಿಂಗೆ."

"ಇರಬಹುದು," ಎಂದ ಅವನು. ಆದರೆ ತಲೆ ನೆಟ್ಟಗಾಗಲಿಲ್ಲ.

ಹೊರಗಿನಿಂದ ಹ್ಯಾಟಿಯ ಕೂಗು ಕೇಳಿಸಿತು. ಬೆಳಿಗ್ಗೆಯಿಂದ ಕಿತ್ತಳೆ ಬಣ್ಣದ ಬೇಟೆಯ ಅಂಗಿಯನ್ನು ತೆಗೆದೇ ಇರಲಿಲ್ಲ ಅವಳು. ದಿಬ್ಬದ ಬುಡದಲ್ಲಿ ರಟ್ಟಿನ ಪೆಟ್ಟಿಗೆ ನಿಲ್ಲಿಸಿ, ಅದರ ಮೇಲೆ ಇದ್ದಿಲಿನಿಂದ ಸುತ್ತು ಬರೆದಿದ್ದಳು. ಹೊತ್ತು ಮುಳುಗುವುದರೊಳಗೆ ಮೂರು ಗುಂಡು ಹಾರಿಸಿ ಗುರಿ ಸರಿಮಾಡಿಕೊಂಡರೆ ಮಾತ್ರ ನಾಳೆ ಬೇಟೆ.

"ಅಮ್ಮಾ, ಆಯ್ತಾ? ಬೆಳಕು ಹೋಗ್ತಾ ಇದೆ!"

"ಬಂದೆ ಕಣೇ!"

ಗೇಜುಗಳನ್ನು ಒರೆಸಿ ಡಬ್ಬಿಗೆ ಸೇರಿಸಲು ರೊವೀನಾ ಬಟ್ಟೆ ಹಿಡಿದಳು. ಮೆತ್ತಗೆ, ಮೆತ್ತಗೆ ಎಂಬ ಮಾತು ತಲೆಯೊಳಗೆ ಓಡಾಡುತ್ತಲೇ ಇತ್ತು. 'ಊಹೂಂ' ಗೇಜಿನ ತಳವನ್ನು ಹೆಬ್ಬೆರಳಿನಿಂದ ಸವರಿದಳು. ಏನೋ ಜಾರಿತು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ, ಪೈ ಹಿಟ್ಟಿನ ಒಂದು ಚೂರು ಚಿಟ್ಟೆಯ ರೆಕ್ಕೆಯಷ್ಟು ತೆಳ್ಳಗೆ ಒತ್ತಿಹೋಗಿ ಅಂಟಿಕೊಂಡಿದೆ. ಅದರ ಮೇಲೆ ಬೋಲ್ಟಿನ ಮುಖ ಅಚ್ಚಾಗಿ ಮೂಡಿದೆ.

ಅವಳು ಚೂರನ್ನು ಒರೆಸಿದಳು. ಗೇಜನ್ನೂ ಬೋಲ್ಟಿನ ಮುಖವನ್ನೂ ನಳಿಗೆಯ ಒಳಗನ್ನೂ ಒರೆಸಿದಳು. ಮತ್ತೆ 'ಊಹೂಂ' ಇಟ್ಟು ಒಂದೇ ಬೆರಳಿನಿಂದ ಒತ್ತಿದಳು. ಹಿಡಿ ಯಾವ ಆತಂಕವೂ ಇಲ್ಲದೆ ಕೆಳಗಿನವರೆಗೂ ಇಳಿಯಿತು.

ಒಲೆಯ ಬೆಂಕಿ ಒಮ್ಮೆ ಸಿಡಿಯಿತು. ಕಿಟಕಿಯಾಚೆ ಕಿತ್ತಳೆ ಬಣ್ಣದ ಚುಕ್ಕೆಯೊಂದು ಬಿಳುಪಿನಲ್ಲಿ ಕುಣಿಯುತ್ತಿತ್ತು.

"ಏನಂತು?" ಎಂದ ಆರ್ವಲ್. ಅವನಿಗೆ ಕಾಣುವುದಿಲ್ಲ. ಈ ದಿನಕ್ಕಾಗಿ ಹದಿಮೂರು ವರ್ಷ ಕಾದಿದ್ದಾನೆ. ಅಕ್ಕಪಕ್ಕದವರಿಗೆಲ್ಲ ಫೋನು ಮಾಡಿ, ಮೊಮ್ಮಗಳು ನಾಳೆ ತನ್ನ ನಳಿಗೆ ಹಿಡಿದು ಹೊರಡುತ್ತಾಳೆ ಎಂದು ಹೇಳಿಯೂ ಆಗಿದೆ.

"ಹೂಂ ಅಂತು ಅಪ್ಪ," ಎಂದಳು ರೊವೀನಾ. ಅವಳ ದನಿ ಅವಳಿಗೇ ದೂರದಿಂದ ಬಂದಂತಿತ್ತು. "ಊಹೂಂ ಗೇಜಿಗೆ ಹೂಂ ಅಂತು. ಅದರ ತಳದಲ್ಲಿ ಹಿಟ್ಟು ಮೆತ್ತಿತ್ತು. ನಿನ್ನ ಕಿವಿ ಸರಿಯಾಗೇ ಇದೆ."

ಅವನು ಬೈಯಲಿಲ್ಲ. "ನಟ್ಟು ಬಿಗಿಯುವಾಗ ನಳಿಗೆ ಚೂರು ಹಿಂದೆ ತಿರುಗಿರುತ್ತೆ. ನಂಗೂ ಆಗಿದೆ. ಬಿಚ್ಚು," ಎಂದ. "ಮೊದಲು ಮೇಜಿನ ಮೇಲೆ ಬೇರೆ ಬಟ್ಟೆ ಹಾಸು. ಹಿಟ್ಟಿನ ಬಂದೂಕು ಮಾಡಿದೋಳು ಜಿಲ್ಲೆಗೇ ನೀನೊಬ್ಬಳೇ."

ಒಗೆದ ದಿಂಬಿನ ಚೀಲವೊಂದನ್ನು ಹಾಸಿದಳು. ನಟ್ಟು ಸಡಿಲಿಸಿ, 'ಹೂಂ' ಇಟ್ಟು, ನಳಿಗೆಯನ್ನು ಮತ್ತೆ ತಾಗಿಸಿದಳು. ಈ ಸಲ ಆರ್ವಲ್ ಎದ್ದು ಬಂದು, ಅವಳು ನಟ್ಟು ಬಿಗಿಯುವಷ್ಟು ಹೊತ್ತೂ ನಳಿಗೆಯನ್ನು ಎರಡೂ ಕೈಯಿಂದ ಅಲುಗದಂತೆ ಹಿಡಿದ. ಅವನ ಕೈ ಇನ್ನೂ ಗಟ್ಟಿಯಾಗಿತ್ತು. ಪೈ ಆಚೆ ಬಂತು, ಆರಿತು. ಹೊಲದ ಬಿಳುಪು ನೀಲಿಯಾಗಿ, ಬೇಲಿಯ ಕಂಬಗಳು ಒಂದೊಂದಾಗಿ ಮಾಯವಾದವು.

'ಹೂಂ'ಗೆ ಬೋಲ್ಟ್ ಮುಚ್ಚಿತು. ಒರೆಸಿ, ಊದಿ, ಮತ್ತೊಮ್ಮೆ ಒರೆಸಿ 'ಊಹೂಂ' ಇಟ್ಟಳು. ಟಕ್. ಉಕ್ಕಿಗೆ ಉಕ್ಕು ತಾಗಿದ ಸದ್ದು, ಕದ ಹಾಕಿದ ಮನೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದಂತೆ.

"ಹಾಂ, ಇದು ಊಹೂಂ!" ಎಂದ ಆರ್ವಲ್.

ಹ್ಯಾಟಿ ಬೂಟಿನ ಹಿಮ ಕೊಡವುತ್ತ ಒಳಗೆ ಬಂದಳು. ಕಣ್ಣು ತುಂಬಿತ್ತು. "ಕತ್ತಲಾಯ್ತು. ಇನ್ನು ಗುರಿ ನೋಡೋಕಾಗಲ್ಲ. ನಾಳೆ ಹೋಯ್ತು."

"ನಾಳೆ ಬೆಳಿಗ್ಗೆ ಪೆಟ್ಟಿಗೆಗೆ ಹೊಡಿ. ಜಿಂಕೆ ನಾಡಿದ್ದು," ಎಂದ ತಾತ. "ಅವಕ್ಕೇನು ಹೇಳಿಕಳಿಸಿದ್ದೀಯಾ, ನಾಳೆಯೇ ಬರ್ತೀನಿ ಅಂತ?"

"ಎಲ್ಲರಿಗೂ ಹೇಳಿದ್ದು ನೀನು ತಾತ."

"ಇಲ್ಲಿ ಬಾ," ಎಂದು ರೊವೀನಾ ಮಗಳ ಬೆರಳನ್ನು ಬೋಲ್ಟಿನ ಹಿಡಿಯ ಮೇಲಿಟ್ಟಳು. "ಮೆಲ್ಲಗೆ ಒತ್ತು."

ಹ್ಯಾಟಿ ಒತ್ತಿದಳು. ಟಕ್. ಮತ್ತೆ ಒತ್ತಿದಳು. ಟಕ್. ಮೂಗು ಒರೆಸಿಕೊಂಡು, "ಎಷ್ಟು ಹಟ ಇದಕ್ಕೆ!" ಎಂದಳು.

"ನಿಂಗಿಂತ ಕಮ್ಮಿ," ಎಂದ ತಾತ. "ರೊವೀನಾ, ಆ ಪೈ ಕೊಯ್ಯೇ. ಉಪ್ಪು ಹಾಕಿದ್ದೀಯೋ ಇಲ್ಲವೋ ನೋಡೇಬಿಡ್ತೀನಿ."

ರೊವೀನಾ ಚಾಕುವಿಗೆ ಕೈ ಹಾಕಲಿಲ್ಲ. ಎಣ್ಣೆಯ ಅಂಗೈಯನ್ನು ಏಪ್ರನ್ನಿಗೆ ಒರೆಸಿಕೊಂಡು, ಗುರಿ ಹಿಡಿಯುವಾಗ ಬಂದೂಕಿನ ಹಿಂಬದಿಯ ಮರಕ್ಕೆ ಆತುಕೊಳ್ಳಬೇಕಾಗಿದ್ದ ಮಗಳ ಬಲಗೆನ್ನೆಯ ಮೇಲೆ ಇಟ್ಟಳು. ಕೆನ್ನೆ ಹಿಮದಷ್ಟು ತಣ್ಣಗಿತ್ತು. ಅದು ಬೆಚ್ಚಗಾಗುವವರೆಗೂ ಅವಳು ಕೈ ತೆಗೆಯಲಿಲ್ಲ.